ಲಾರಿ ಚಾಲಕನ ಓದು

ಸರಕು ತುಂಬಿದ ಲಾರಿಯೊಂದು ಹೆದ್ದಾರಿಯಲ್ಲಿ ನಮ್ಮನ್ನು ದಾಟಿ ಸಾಗಿದಾಗ ಅದರ ಗಾತ್ರವನ್ನೂ ಗರ್ಜನೆಯನ್ನೂ ನಾವು ಗಮನಿಸುತ್ತೇವೆ. ಅದರ ಚುಕ್ಕಾಣಿ ಹಿಡಿದು ಕುಳಿತವನ ತಲೆಯಲ್ಲಿ ಏನೇನು ತುಂಬಿರಬೇಕೆಂಬ ಯೋಚನೆ ನಮಗೆ ಬರುವುದು ಅಪರೂಪ. ಲಾರಿ ನಡೆಸುವುದು ಕೈಕಾಲುಗಳ ಕಸುಬು, ಅದಕ್ಕೂ ಪುಸ್ತಕಕ್ಕೂ ಎಲ್ಲಿಯ ಸಂಬಂಧ ಎಂದೇ ಹಲವರ ಭಾವನೆ.

ಈ ಭಾವನೆ ಸರಿಯಲ್ಲವೆಂಬುದಕ್ಕೆ ಬ್ರಿಟನ್ನಿನ ಪದ್ಧತಿಯೇ ಸಾಕ್ಷಿ. ‘ಲಾರಿ’ ಎಂಬ ಮಾತು ಕನ್ನಡಕ್ಕೆ ಬಂದುದೂ ಅಲ್ಲಿಯ ಇಂಗ್ಲಿಷಿನಿಂದಲೇ. ಆ ದೇಶದಲ್ಲಿ ಲಾರಿ ನಡೆಸಿ ತೋರಿಸುವ ಪರೀಕ್ಷೆಗೆ ಹೋಗುವ ಮುನ್ನ ಅಭ್ಯರ್ಥಿಯು ‘ಥಿಯರಿ ಪರೀಕ್ಷೆ’ ಎಂಬ ತಿಳಿವಳಿಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದರ ಒಂದು ಭಾಗದಲ್ಲಿ ನೂರು ಪ್ರಶ್ನೆಗಳು; ಕಾಲಾವಧಿ 1 ಗಂಟೆ 55 ನಿಮಿಷ; 85 ಪ್ರಶ್ನೆಗಳಿಗಾದರೂ ಸರಿಯಾದ ಉತ್ತರ ಬರಬೇಕು. ಇನ್ನೊಂದು ಭಾಗದಲ್ಲಿ ರಸ್ತೆಯ ದೃಶ್ಯಗಳಿರುವ 19 ಚಲಚ್ಚಿತ್ರದ ತುಣುಕುಗಳನ್ನು ನೋಡಿ, ಮುಂದೊದಗುವ ಅಪಾಯವನ್ನು ಗುರುತಿಸಬೇಕು; ಅಲ್ಲಿ ನೂರಕ್ಕೆ 67 ಅಂಕ ಪಡೆಯಬೇಕು. ‘ಪಾಸಾದರೆ ಸಾಕಪ್ಪ’ ಎಂದು ನಿಟ್ಟುಸಿರು ಬಿಡುವ ನಮ್ಮ ವಿದ್ಯಾರ್ಥಿಮಿತ್ರರು ಈ ಅಂಕಗಳನ್ನು ತುಸು ಗಮನಿಸಬೇಕು.

ಪ್ರಶ್ನೆಗಳೂ ಸುಲಭದವಲ್ಲ. ಎಷ್ಟು ಹೊತ್ತು ವಾಹನ ನಡೆಸಿದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಬೇಕು? (ನಾಲ್ಕೂವರೆ ಗಂಟೆಗಳ ಬಳಿಕ 45 ನಿಮಿಷ.) ಎತ್ತರವನ್ನು ಬರೆದಿಲ್ಲದ ಸೇತುವೆಯ ಕೆಳಗೆ ಎಷ್ಟು ತೆರಪು ಇರುತ್ತದೆ? (ಕನಿಷ್ಠಪಕ್ಷ 16 ಅಡಿ 6 ಅಂಗುಲ.) ಬ್ರೇಕಿನ ಗಾಳಿಯ ಒತ್ತಡ ಇಳಿದಿದೆಯೆಂದು ಎಚ್ಚರಿಕೆಯ ದೀಪ ಹೊತ್ತಿಕೊಂಡರೆ ಏನು ಮಾಡಬೇಕು? (ಸುರಕ್ಷಿತವಾದ ಸ್ಥಳದಲ್ಲಿ ಒಡನೆಯೇ ನಿಲ್ಲಿಸಬೇಕು.) ಇಂತಹವು ನೂರಾರು. ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷಗಳಾದವನು, ಹಗಲೆಲ್ಲ ದುಡಿದು ದಣಿದವನು, ಇವನ್ನೆಲ್ಲ ಹೇಗೆ ಕಲಿಯಬೇಕು? ಈ ಪ್ರಶ್ನೆ ಅವನೊಬ್ಬನದಲ್ಲ. ಪರೀಕ್ಷೆಗೆ ಕುಳಿತುಕೊಳ್ಳುವ ನಮ್ಮೆಲ್ಲರದು.

ಮರೆವಿನ ಲೆಕ್ಕ

ಮರೆವನ್ನು ಅಳತೆಗೆ ಒಳಪಡಿಸಿದ ಮೊದಲಿಗರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಪ್ರಮುಖನು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಆತ ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಕಲಿಯುತ್ತಿದ್ದನು. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೋ ಅಷ್ಟು ನೆನಪು ಉಳಿದಿದೆಯೆಂದು ಅವನ ಲೆಕ್ಕ. 1885ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಇಪ್ಪತ್ತು ನಿಮಿಷಗಳ ಬಳಿಕ ಉಳಿತಾಯ ನೂರಕ್ಕೆ ಸುಮಾರು 58, ಒಂದು ದಿನದ ಬಳಿಕ 34, ಮೂವತ್ತೊಂದು ದಿನಗಳ ಬಳಿಕ 21. ಎಂದರೆ ಮರೆವು ಮೊದಲು ಧಾವಿಸುತ್ತದೆ, ಆಮೇಲೆ ತೆವಳುತ್ತದೆ. ಕಲಿತ ಮೊದಲ ದಿನದಲ್ಲಿಯೇ ಹೆಚ್ಚಿನ ನಷ್ಟವೆಲ್ಲ ಆಗಿಹೋಗುತ್ತದೆ.

ಈ ನಷ್ಟವನ್ನು ತಡೆಯಲು ನಾವು ಸಾಮಾನ್ಯವಾಗಿ ಮಾಡುವುದೇನು? ಅದೇ ಪುಟಗಳನ್ನು ಮತ್ತೆ ಮತ್ತೆ ಓದುತ್ತೇವೆ. ಮೂರನೆಯ ಸಲ ಓದುವಾಗ ಸಾಲುಗಳೆಲ್ಲ ಪರಿಚಿತವಾಗಿ ತೋರುತ್ತವೆ. ‘ಬಂದಿತು’ ಎಂದುಕೊಂಡು ಪುಸ್ತಕವನ್ನು ಮುಚ್ಚುತ್ತೇವೆ. ಮೋಸವಿರುವುದು ಇಲ್ಲಿಯೇ. ಪರಿಚಯವೇ ಬೇರೆ, ನೆನಪೇ ಬೇರೆ. ಬೀದಿಯಲ್ಲಿ ಕಂಡ ಮುಖ ಪರಿಚಿತವೆನಿಸಿದರೂ ಹೆಸರು ನಾಲಗೆಗೆ ಬಾರದೆ ಪೇಚಾಡುವುದಿಲ್ಲವೆ?

ಓದುವುದು ಮತ್ತು ಒಪ್ಪಿಸುವುದು

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಈ ವಿಷಯದ ಮೇಲೆ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿದ್ದುದನ್ನು ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದಿದವರದೇ ಮೇಲುಗೈ: ಅವರಿಗೆ ನೂರಕ್ಕೆ 83 ಪಾಲು ನೆನಪಿದ್ದರೆ ಇವರಿಗೆ 71. ಆದರೆ ಒಂದು ವಾರ ಕಳೆದ ಮೇಲೆ ತಕ್ಕಡಿ ತಿರುಗಿತು. ಓದಿದವರಲ್ಲಿ ಉಳಿದುದು 40 ಪಾಲು. ನೆನೆದು ಬರೆದವರಲ್ಲಿ 61. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುವುದೆಂದು ಹೆಚ್ಚು ನಂಬಿದ್ದವರು ಬರಿದೆ ಓದಿದವರೇ.

ಇದು ನಮ್ಮ ಹಿರಿಯರಿಗೆ ಅಪರಿಚಿತವಾದ ವಿಷಯವೇನಲ್ಲ. ಹಳೆಯ ಕೂಲಿಮಠಗಳಲ್ಲಿ ಹುಡುಗನು ಮಗ್ಗಿಯನ್ನು ಕಲಿತರೆ ಸಾಲುತ್ತಿರಲಿಲ್ಲ. ಅಯ್ಯಗಳ ಮುಂದೆ ನಿಂತು ಒಪ್ಪಿಸಬೇಕಾಗಿತ್ತು. ಒಪ್ಪಿಸುವುದು ಕಲಿತುದರ ಪರೀಕ್ಷೆಯಷ್ಟೇ ಅಲ್ಲ, ಕಲಿಯುವ ಕ್ರಿಯೆಯೂ ಹೌದೆಂಬುದನ್ನು ಈಗ ಪ್ರಯೋಗಗಳು ತೋರಿಸಿಕೊಟ್ಟಿವೆ. ಆದುದರಿಂದ ಲಾರಿ ಚಾಲಕನಾಗುವವನು ಚೀಟಿಯ ಒಂದು ಮಗ್ಗುಲಲ್ಲಿ ಪ್ರಶ್ನೆಯನ್ನೂ ಇನ್ನೊಂದರಲ್ಲಿ ಉತ್ತರವನ್ನೂ ಬರೆದುಕೊಂಡು, ಉತ್ತರವನ್ನು ನೋಡುವ ಮುನ್ನ ತಾನೇ ಹೇಳಲು ಯತ್ನಿಸುವುದು ಒಳ್ಳೆಯದು. ತಪ್ಪಿದ ಚೀಟಿಗಳನ್ನು ಬೇರೆಯಾಗಿಟ್ಟು ಅವನ್ನೇ ಹೆಚ್ಚಾಗಿ ಕೇಳಿಕೊಳ್ಳಬೇಕು.

ಎಲ್ಲವನ್ನೂ ಒಂದೇ ರಾತ್ರಿ ಮುಗಿಸುವ ಸಾಹಸವೂ ಬೇಡ. ಬ್ರಿಟನ್ನಿನ ಅಂಚೆ ನೌಕರರಿಗೆ ಕೀಲಿಮಣೆಯ ಮೇಲೆ ಬೆರಳಚ್ಚು ಕಲಿಸುವಾಗ ನಡೆದ ಪ್ರಯೋಗವೊಂದನ್ನು ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ವರದಿ ಮಾಡಿದರು. ದಿನಕ್ಕೆ ಒಂದೇ ಗಂಟೆ ಅಭ್ಯಾಸ ಮಾಡಿದವರು, ದಿನಕ್ಕೆ ನಾಲ್ಕು ಗಂಟೆ ಮಾಡಿದವರಿಗಿಂತ ಒಟ್ಟು ಕಡಮೆ ಗಂಟೆಗಳಲ್ಲಿ ಅಷ್ಟೇ ನೈಪುಣ್ಯವನ್ನು ಪಡೆದರು. ಆದರೆ ದಿನಗಳು ಹೆಚ್ಚು ಹಿಡಿದುದರಿಂದ ತಮ್ಮ ಕಲಿಕೆಯ ಬಗ್ಗೆ ಅತಿ ಕಡಮೆ ತೃಪ್ತಿಪಟ್ಟವರೂ ಅವರೇ! ನಮ್ಮ ಮನಸ್ಸು ಮೆಚ್ಚುವ ವಿಧಾನವೂ ನಮಗೆ ಒಗ್ಗುವ ವಿಧಾನವೂ ಒಂದೇ ಅಲ್ಲವೆಂದಾಯಿತು.

ಕಾರಣವೆಂಬ ಕೊಂಡಿ

ಚೀಟಿಗಳಿಂದ ಉತ್ತರ ಬಂದೀತು. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ? ಅಲ್ಲಿ ನೆರವಾಗುವುದು ಕಾರಣದ ಅರಿವು. ಬ್ರಿಟನ್ನಿನ ‘ಹೈವೇ ಕೋಡ್’ ಎಂಬ ರಸ್ತೆ ನಿಯಮಗಳ ಪುಸ್ತಕದಲ್ಲಿ ಕಾರೊಂದು ನಿಲ್ಲಲು ಬೇಕಾದ ದೂರದ ಪಟ್ಟಿಯಿದೆ. ಗಂಟೆಗೆ 30 ಮೈಲಿ ವೇಗದಲ್ಲಿ ಚಾಲಕನು ಯೋಚಿಸುವಷ್ಟರಲ್ಲಿ 9 ಮೀಟರ್, ಬ್ರೇಕು ಹಿಡಿದ ಮೇಲೆ 14 ಮೀಟರ್. ವೇಗ 60 ಮೈಲಿಯಾದರೆ ಮೊದಲನೆಯದು 18, ಎರಡನೆಯದು 55. ಒಂದು ಎರಡು ಪಟ್ಟಾಗಿದೆ, ಇನ್ನೊಂದು ಸುಮಾರು ನಾಲ್ಕು ಪಟ್ಟಾಗಿದೆ. ಯೋಚಿಸಲು ಹಿಡಿಯುವ ಕಾಲ ಒಂದೇ ಆದುದರಿಂದ ಆ ದೂರವು ವೇಗದಂತೆಯೇ ಏರುತ್ತದೆ. ಆದರೆ ಬ್ರೇಕು ಕಳೆಯಬೇಕಾದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ಇಷ್ಟನ್ನು ತಿಳಿದವನಿಗೆ ಪಟ್ಟಿಯ ಅರ್ಧ ಭಾಗ ಉರುಹೊಡೆಯದೆಯೇ ಬರುತ್ತದೆ.

ಲಾರಿಗಾದರೋ ಈ ದೂರಗಳು ಸಾಲವು. ಗಾಳಿಬ್ರೇಕಿನಲ್ಲಿ ಒತ್ತಿದ ಗಾಳಿ ಕೊಳವೆಗಳ ಮೂಲಕ ಚಕ್ರವನ್ನು ತಲಪಲು ಕ್ಷಣಕಾಲ ಬೇಕು. ಶಕ್ತಿಯ ಪ್ರಮಾಣವೂ ಅಗಾಧ. ಬ್ರಿಟನ್ನಿನ ಅತಿ ಭಾರದ ಸಾಮಾನ್ಯ ಲಾರಿ ಸರಕು ಸಹಿತ 44 ಟನ್ ತೂಗಬಹುದು. ಅದು ಗಂಟೆಗೆ 56 ಮೈಲಿ ವೇಗದಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿಯಿಂದ ಸುಮಾರು 40 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ನಿಲ್ಲಿಸುವಾಗ ಇದೆಲ್ಲ ಬಹುಮಟ್ಟಿಗೆ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಮೊದಲೇ ಕೆಳಗಿನ ಗೇರಿಗೆ ಬರಬೇಕೆಂಬ ನಿಯಮದ ಗುಟ್ಟು ಇದೇ. ಕಾದು ಕೆಂಡವಾದ ಬ್ರೇಕು ಹಿಡಿತವನ್ನು ಕಳೆದುಕೊಳ್ಳುತ್ತದೆ.

ಗಾಳಿಯ ಒತ್ತಡದ ನಿಯಮವೂ ಹೀಗೆಯೇ. ಲಾರಿಯ ನಿಲುಗಡೆಯ ಬ್ರೇಕನ್ನು ಹಿಡಿಸುವುದು ಬಲವಾದ ಸ್ಪ್ರಿಂಗು. ಬಿಡಿಸಿ ಹಿಡಿದಿರುವುದು ಗಾಳಿ. ಗಾಳಿ ಸೋರಿಹೋದರೆ ಸ್ಪ್ರಿಂಗು ತಾನಾಗಿ ಬ್ರೇಕನ್ನು ಹಿಡಿಯುತ್ತದೆ. ರಸ್ತೆಯ ನಡುವೆ ಹಾಗಾಗುವ ಮೊದಲು ತಾನೇ ತಕ್ಕ ಸ್ಥಳದಲ್ಲಿ ನಿಲ್ಲಿಸುವುದು ಚಾಲಕನ ಜಾಣತನ. ಇದನ್ನು ಒಮ್ಮೆ ಅರಿತವನು ಆ ದೀಪದ ಪ್ರಶ್ನೆಗೆ ತಪ್ಪು ಉತ್ತರ ಕೊಡಲಾರನು.

ಕಂಠಪಾಠಕ್ಕೆ ನಿಲುಕದ ಭಾಗ

ಚಲಚ್ಚಿತ್ರದ ಭಾಗಕ್ಕೆ ಚೀಟಿಗಳು ಉಪಯೋಗವಿಲ್ಲ. ಅಲ್ಲಿ ಅಪಾಯವು ರೂಪುಗೊಳ್ಳತೊಡಗಿದೊಡನೆ ಗುಂಡಿಯನ್ನು ಒತ್ತಿದವನಿಗೆ 5 ಅಂಕ. ತಡವಾದಷ್ಟೂ ಅಂಕ ಇಳಿಯುತ್ತದೆ. ದಾರಿಯಂಚಿನಲ್ಲಿ ಒಬ್ಬನು ನಿಂತಿದ್ದಾನೆ. ಅದು ಇನ್ನೂ ಅಪಾಯವಲ್ಲ. ಅವನು ರಸ್ತೆಯತ್ತ ಹೆಜ್ಜೆಯಿಟ್ಟನೆಂದರೆ ಅಪಾಯ ಮೊದಲಾಯಿತು. ಸುಮ್ಮನೆ ಎಡೆಬಿಡದೆ ಒತ್ತುತ್ತಿದ್ದರೆ ಆ ತುಣುಕಿಗೆ ಸೊನ್ನೆ.

ಇಲ್ಲಿ ಬೇಕಾದುದು ನೋಟದ ಶಿಕ್ಷಣ. 1972ರಲ್ಲಿ ಅಮೆರಿಕದ ಮೂರಾಂಟ್ ಮತ್ತು ರಾಕ್‌ವೆಲ್ ಎಂಬವರು ಚಾಲಕರ ಕಣ್ಣಿನ ಚಲನೆಯನ್ನು ದಾಖಲೆ ಮಾಡಿ ನೋಡಿದಾಗ, ಹೊಸಬರ ದೃಷ್ಟಿ ವಾಹನದ ಮುಂದಿನ ಹತ್ತಿರದ ನೆಲದಲ್ಲಿಯೇ ಹೆಚ್ಚಾಗಿ ಸುಳಿದಾಡುತ್ತಿತ್ತು. ನುರಿತವರು ದೂರಕ್ಕೂ ಅಗಲಕ್ಕೂ ಕಣ್ಣು ಹಾಯಿಸುತ್ತಿದ್ದರು. ಬಸ್ಸಿನ ಮುಂದಿನ ಆಸನದಲ್ಲಿ ಕುಳಿತಾಗ, ಇನ್ನು ಮೂರು ಕ್ಷಣಗಳಲ್ಲಿ ಏನಾದೀತೆಂದು ಊಹಿಸುತ್ತ ಹೋದರೆ ನಾವೂ ಈ ವಿದ್ಯೆಯನ್ನು ಸ್ವಲ್ಪಮಟ್ಟಿಗೆ ಅಭ್ಯಾಸ ಮಾಡಬಹುದು.

ಪರೀಕ್ಷೆ ಮುಗಿದ ಮರುವಾರವೇ ಪಾಠವನ್ನು ಮರೆತ ವಿದ್ಯಾರ್ಥಿಗೆ ಸದ್ಯಕ್ಕೆ ಏನೂ ಆಗಲಿಕ್ಕಿಲ್ಲ. ಲಾರಿ ಚಾಲಕನು ಮರೆತರೆ ಅದರ ಬೆಲೆಯನ್ನು ರಸ್ತೆಯಲ್ಲಿ ಹೋಗುವ ಇತರರು ತೆರಬೇಕಾದೀತು. ಆದುದರಿಂದ ಅವನು ಓದಬೇಕಾದುದು ಪರೀಕ್ಷೆಯ ದಿನಕ್ಕಾಗಿ ಅಲ್ಲ, ಮುಂದೆಂದೋ ಮಳೆ ಸುರಿಯುವ ರಾತ್ರಿಯೊಂದರ ಇಳಿಜಾರಿಗಾಗಿ. ಓದುಗರು ಈಗ ಪತ್ರಿಕೆಯನ್ನು ಮುಚ್ಚಿಟ್ಟು, ವೇಗ ಇಮ್ಮಡಿಯಾದರೆ ಬ್ರೇಕಿನ ದೂರವೇಕೆ ನಾಲ್ಕು ಪಟ್ಟಾಗುವುದೆಂದು ಒಂದು ಹಾಳೆಯ ಮೇಲೆ ಬರೆದು ನೋಡಲಿ. ನಾಳೆ ಒಮ್ಮೆ, ಮುಂದಿನ ವಾರ ಇನ್ನೊಮ್ಮೆ ಬರೆಯಲಿ. ಯಾವ ಸಲ ಕೈ ತಡೆಯಿತೋ ಆ ಸಲವೇ ನಿಜವಾದ ಕಲಿಕೆ ನಡೆದಿರುತ್ತದೆ.