ಜೋಡಿ ಬ್ಯಾಟರಿಯ ‘ವೇಪ್ ಮಾಡ್’: ಪೋಷಕರು ತಿಳಿದಿರಬೇಕಾದದ್ದು

ಸರೋಜಿನಿ ನಗರವನ್ನು ವಿನಯನಗರವೆಂಬ ಹಳೆಯ ಹೆಸರಿನಿಂದಲೇ ನೆನೆಯುವ ಹಿರಿಯರು ನಮ್ಮ ನಡುವೆ ಈಗಲೂ ಇದ್ದಾರೆ. ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಒಂದು ತಲೆಮಾರಿಗೆ ರೇಡಿಯೋ ಬಿಚ್ಚಿ ಜೋಡಿಸುವುದು ರಜಾದಿನದ ಹವ್ಯಾಸವಾಗಿತ್ತು. ಇಂದಿನ ಹುಡುಗರ ಕೈಗೆ ಸಿಕ್ಕಿರುವುದು ಲಿಥಿಯಂ ಬ್ಯಾಟರಿ, ಬೆಸುಗೆಯ ಸಾಧನ ಮತ್ತು ಅಂತರ್ಜಾಲದ ವಿಡಿಯೋಗಳು. ಎರಡು ಬ್ಯಾಟರಿ ಇಟ್ಟು ‘ವೇಪ್ ಮಾಡ್’ ಎಂಬ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟುವ ಬಗೆಯೂ ಆ ವಿಡಿಯೋಗಳಲ್ಲಿ ಉಂಟು. ಮಗನ ಮೇಜಿನ ಮೇಲೆ ಅಂಥದ್ದನ್ನು ಕಂಡ ತಂದೆತಾಯಿ ಕಾಲೇಜಿನ ಪ್ರಾಜೆಕ್ಟ್ ಎಂದುಕೊಂಡು ಸುಮ್ಮನಾಗುವ ಸಂಭವವೇ ಹೆಚ್ಚು. ಆದುದರಿಂದ ಈ ಪೆಟ್ಟಿಗೆ ಎಂಥದು, ಅದಕ್ಕೆ ಬ್ಯಾಟರಿ ಎರಡೇಕೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಹೆಸರು ಹೊಸದಾದರೂ ತತ್ವ ಸರಳವಾದುದು. ಲೋಹದ ತಂತಿಯ ಒಂದು ಸಣ್ಣ ಸುರುಳಿ, ಅದರ ನಡುವೆ ಹತ್ತಿಯ ಬತ್ತಿ, ಬತ್ತಿ ಹೀರಿಕೊಳ್ಳುವ ದ್ರವ. ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸುವಾಸನೆ ಹಾಗೂ ಹೆಚ್ಚಿನ ವೇಳೆ ನಿಕೋಟಿನ್ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ದ್ರವವು ಕಾದು, ಹೊಗೆಯಂತೆ ಎಳೆದವರ ಎದೆಗಿಳಿಯುತ್ತದೆ. ಇಂದಿನ ಇ-ಸಿಗರೇಟಿನ ಮೂಲರೂಪವನ್ನು 2003ರಲ್ಲಿ ರೂಪಿಸಿದವರು ಚೀನಾದ ಔಷಧ ತಜ್ಞ ಹಾನ್ ಲಿಕ್. ಅದರಿಂದ ಬರುವ ಹೊಗೆ ಸಾಲದೆಂದ ಹವ್ಯಾಸಿಗಳು ಟಾರ್ಚಿನ ಕವಚದಲ್ಲಿ ದೊಡ್ಡ ಬ್ಯಾಟರಿ ಇಟ್ಟು ಅದನ್ನು ಮಾರ್ಪಡಿಸಿಕೊಂಡರು. ಮಾರ್ಪಾಡು ಎಂಬರ್ಥದ ಇಂಗ್ಲಿಷ್ ಪದವೇ ತುಂಡಾಗಿ ‘ಮಾಡ್’ ಆಯಿತು. ನಮ್ಮ ‘ಮಾಡು’ವಿಗೂ ಅದಕ್ಕೂ ನಂಟಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಬಳಸುವುದು 18650 ಎಂಬ ಲಿಥಿಯಂ ಅಯಾನ್ ಸೆಲ್. ಹೆಸರಿನಲ್ಲೇ ಅಳತೆಯಿದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದರೆ ಸಾಲಾಗಿ ಕಾಣುವುದೂ ಇದೇ. ಒಂದು ಸೆಲ್‌ನ ಸರಾಸರಿ ಒತ್ತಡ ಸುಮಾರು 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಸುರುಳಿಗೆ 100 ವಾಟ್ ಶಕ್ತಿ ಬೇಕೆನ್ನಿ. ಒಂದೇ ಸೆಲ್ ಅದನ್ನು ಕೊಡಬೇಕಾದರೆ ಸುಮಾರು 27 ಆಂಪಿಯರ್ ಹರಿಸಬೇಕು. ಅಷ್ಟನ್ನು ತಾಳುವ ಸೆಲ್‌ಗಳು ವಿರಳ. ಎರಡನ್ನು ಒಂದರ ಹಿಂದೊಂದರಂತೆ, ಅಂದರೆ ಸರಣಿಯಲ್ಲಿ ಜೋಡಿಸಿದರೆ ಒತ್ತಡ 7.4 ವೋಲ್ಟ್ ಆಗಿ, ಪ್ರವಾಹ 13.5 ಆಂಪಿಯರ್‌ಗೆ ಇಳಿಯುತ್ತದೆ. ಪಕ್ಕಪಕ್ಕದಲ್ಲಿ, ಅಂದರೆ ಸಮಾಂತರವಾಗಿ ಜೋಡಿಸಿದರೆ ಒತ್ತಡ ಅಷ್ಟೇ ಉಳಿದು, ಹೊರೆಯನ್ನು ಎರಡೂ ಹಂಚಿಕೊಳ್ಳುತ್ತವೆ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಎಲ್ಲರೂ ಓದಿದ ಪಾಠವೇ ಇದು.

ಪಾಠದಲ್ಲಿ ಎರಡು ಸೆಲ್‌ಗಳೂ ಸಮಾನವೆಂದು ಭಾವಿಸಲಾಗಿರುತ್ತದೆ. ವಾಸ್ತವದಲ್ಲಿ ಒಂದು ಹಳೆಯದು, ಇನ್ನೊಂದು ಹೊಸದು. ಒಂದು ಪೂರ್ತಿ ಚಾರ್ಜ್ ಆದದ್ದು, ಇನ್ನೊಂದು ಅರ್ಧ. ಸರಣಿಯಲ್ಲಿ ದುರ್ಬಲವಾದ ಸೆಲ್ ಮೊದಲು ಬರಿದಾಗುತ್ತದೆ. ಜೊತೆಯದು ಅದನ್ನು ಸೊನ್ನೆಗಿಂತಲೂ ಕೆಳಕ್ಕೆ ದೂಡಿ ಅದರ ಧ್ರುವಗಳನ್ನೇ ತಿರುಗುಮುರುಗು ಮಾಡಬಲ್ಲದು. ಸಮಾಂತರದಲ್ಲಿ ಒಂದನ್ನು ತಪ್ಪಾಗಿ ತಲೆಕೆಳಗಾಗಿ ಇಟ್ಟರಂತೂ ಗುಂಡಿ ಒತ್ತುವುದೂ ಬೇಡ, ಒಂದರ ವಿದ್ಯುತ್ ಇನ್ನೊಂದಕ್ಕೆ ನೇರವಾಗಿ ನುಗ್ಗುತ್ತದೆ. ಸೆಲ್‌ನ ಲೋಹದ ಕವಚವೆಲ್ಲ ಋಣಧ್ರುವವೆಂಬುದು ಅನೇಕರಿಗೆ ತಿಳಿಯದು. ಅದನ್ನು ಮೇಲ್ತುದಿಯ ಧನಧ್ರುವದಿಂದ ಬೇರ್ಪಡಿಸುವುದು ಒಂದು ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮತ್ತು ಸಣ್ಣದೊಂದು ಉಂಗುರ. ಹೊದಿಕೆ ಹರಿದರೆ, ಅಥವಾ ಬಿಡಿ ಸೆಲ್ ಜೇಬಿನಲ್ಲಿ ಕೀಲಿಕೈ, ಚಿಲ್ಲರೆಗಳ ಜೊತೆ ಸೇರಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಒಳಗೆ ಕಾವೇರಿದಂತೆ ರಾಸಾಯನಿಕ ಕ್ರಿಯೆ ತೀವ್ರವಾಗಿ, ಅದರಿಂದ ಮತ್ತಷ್ಟು ಕಾವು ಹುಟ್ಟಿ, ಉರಿಯುವ ಅನಿಲ ಹೊರನುಗ್ಗುತ್ತದೆ. ಗಟ್ಟಿ ಪೆಟ್ಟಿಗೆಯೊಳಗೆ ಅನಿಲಕ್ಕೆ ದಾರಿಯಿಲ್ಲದಿದ್ದರೆ ಪೆಟ್ಟಿಗೆಯೇ ಸಿಡಿಯುತ್ತದೆ, ಅದೂ ಬಾಯಿಯ ಬಳಿ. ಅಮೆರಿಕದ ಅಗ್ನಿಶಾಮಕ ಆಡಳಿತವು 2009ರಿಂದ 2016ರವರೆಗಿನ ಪತ್ರಿಕಾ ವರದಿಗಳಿಂದ ಇಂಥ 195 ಬೆಂಕಿ ಹಾಗೂ ಸ್ಫೋಟದ ಘಟನೆಗಳನ್ನು ಲೆಕ್ಕಹಾಕಿತ್ತು. ಅನಂತರ 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ತಲಾ ಒಬ್ಬ ವ್ಯಕ್ತಿ ಪ್ರಾಣ ಕಳೆದುಕೊಂಡ.

ಕಾರ್ಖಾನೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಪ್ರವಾಹವನ್ನು ತಡೆಯುವ ರಕ್ಷಣಾ ಮಂಡಲವಿರುತ್ತದೆ. ಮನೆಯಲ್ಲಿ ಕಟ್ಟಿದ್ದರಲ್ಲಿ ಎಷ್ಟೋ ವೇಳೆ ಗುಂಡಿಯೊಂದೇ ಇರುತ್ತದೆ. ಸೆಲ್‌ಗಳ ಮೂಲವೂ ಸಂದೇಹಾಸ್ಪದವೇ. ದಿಲ್ಲಿಯ ಸೀಲಂಪುರದಂಥ ಕಡೆ ಹಳೆಯ ವಿದ್ಯುನ್ಮಾನ ಸರಕು ರಾಶಿಯಾಗಿ ಒಡೆಯಲ್ಪಡುತ್ತದೆಂಬುದು ಎಲ್ಲರಿಗೂ ಗೊತ್ತು. ಗುಜರಿಯಿಂದ ಆಯ್ದ ಸೆಲ್‌ಗೆ ಬಣ್ಣದ ಹೊಸ ಹೊದಿಕೆ ತೊಡಿಸುವುದು ಕಷ್ಟವೇನಲ್ಲ. 18650 ಸೆಲ್‌ನ ಮೇಲೆ 9,900 ಮಿಲಿಆಂಪಿಯರ್ ಗಂಟೆ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್‌ಗಳಲ್ಲೂ ಹಿಡಿಯುವುದು 3,500ರ ಆಸುಪಾಸು.

ಇನ್ನು ಕಾನೂನಿನ ಮಾತು. ಕರ್ನಾಟಕವು 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಸಂಸತ್ತಿನ ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲವೂ ನಿಷಿದ್ಧ. ಸೇದುವುದಕ್ಕೆ ಪ್ರತ್ಯೇಕ ಶಿಕ್ಷೆ ಹೇಳಿಲ್ಲವೆಂದು ಹುಡುಗರು ವಾದಿಸುವುದುಂಟು, ಅಷ್ಟರಮಟ್ಟಿಗೆ ಅದು ಸರಿ. ಆದರೆ ಕಾಯ್ದೆಯ ಪ್ರಕಾರ ಬಿಡಿಭಾಗಗಳನ್ನು ಜೋಡಿಸುವುದೂ ತಯಾರಿಕೆಯೇ; ನಿಕೋಟಿನ್ ಇಲ್ಲದ ದ್ರವಕ್ಕೂ ಅದು ಅನ್ವಯಿಸುತ್ತದೆ; ಸ್ವಂತ ಬಳಕೆಗೆಂದು ಕಟ್ಟಿದ್ದಕ್ಕೆ ಅದರಲ್ಲಿ ವಿನಾಯಿತಿ ಕಾಣದು. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರ್ಕಾರಿ ಕೆಲಸದ ಕನಸು ಕಾಣುವ ಹುಡುಗನಿಗೆ ದಂಡಕ್ಕಿಂತ ಪೊಲೀಸ್ ದಾಖಲೆಯೇ ದುಬಾರಿಯಾದೀತು.

ಮನೆಯಲ್ಲಿ ಇಂಥದ್ದು ಕಂಡರೆ ಸಿಟ್ಟಿನಲ್ಲಿ ಕಸದ ಬುಟ್ಟಿಗೆ ಎಸೆಯಬೇಡಿ. ಕಸದ ಗಾಡಿಯಲ್ಲಿ ಜಜ್ಜಿದ ಸೆಲ್ ಹೊತ್ತಿಕೊಳ್ಳಬಹುದು. ಸೆಲ್‌ಗಳನ್ನು ಹೊರತೆಗೆದು ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬೇರೆಬೇರೆಯಾಗಿಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಸೆಲ್ ಬಿಸಿಯಾಗಿದ್ದರೆ, ಸುಯ್ಯೆನ್ನುತ್ತಿದ್ದರೆ ಮುಟ್ಟದೆ ಎಲ್ಲರೂ ದೂರ ಸರಿದು 101ಕ್ಕೆ ಕರೆಮಾಡುವುದು ಕ್ಷೇಮ. ಬೆಂಗಳೂರಿಗೆ ವಿಮಾನದಲ್ಲಿ ಹೊರಟವರು ಪವರ್ ಬ್ಯಾಂಕನ್ನಾಗಲಿ ಬಿಡಿ ಸೆಲ್‌ಗಳನ್ನಾಗಲಿ ಚೆಕ್-ಇನ್ ಸಾಮಾನಿನಲ್ಲಿ ಇಡಬಾರದೆಂಬ ನಿಯಮವೂ ಇದೇ ಕಾರಣದಿಂದ ಬಂದದ್ದು.

ಕಟ್ಟುವ ಕೈಗೆ ಬೇರೆ ಕೆಲಸ ಕೊಡುವುದು ಸುಲಭ. ರಕ್ಷಣಾ ಮಂಡಲ ಸಹಿತವಾದ ಟಾರ್ಚು, ಸೌರದೀಪ ಇವುಗಳಲ್ಲೂ ಇದೇ ಸರಣಿ-ಸಮಾಂತರದ ವಿದ್ಯೆ ಬೇಕು. ಭಾರತೀಯ ಮಾನಕವಾದ ಐಎಸ್ 16046ರ ಗುರುತಿರುವ ಸೆಲ್ ಅಥವಾ ಬ್ಯಾಟರಿಯನ್ನೇ ಕೊಳ್ಳುವಂತೆ ಹೇಳಿ. ನಿಕೋಟಿನ್ ಚಟವೇ ಹತ್ತಿದ್ದರೆ ಅದು ಬೇರೆಯ ಮಾತು, ಗದರಿಕೆಯಿಂದ ಬಿಡುವಂಥದ್ದಲ್ಲ. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ದಿಲ್ಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾಯಿತು. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಜಾಲದಲ್ಲಿ ಸೇರಿರುವುದರಿಂದ ಕನ್ನಡದಲ್ಲೇ ಮಾತನಾಡಬಹುದು.