ದೊಡ್ಡ ಅಂಗಡಿಗಳಲ್ಲಿ ಮುಂದಾಳ್ತನ

ನೂರಾರು ನೌಕರರೂ ಹತ್ತಾರು ವಿಭಾಗಗಳೂ ಉಳ್ಳ ಅಂಗಡಿಯನ್ನು ನಡೆಸುವುದು ಸಣ್ಣದೊಂದು ರಾಜ್ಯವನ್ನಾಳಿದಂತೆಯೇ ಸರಿ. ಗಿರಾಕಿಯು ಯಜಮಾನನ ಮುಖವನ್ನು ಕಾಣುವುದಿಲ್ಲ. ಎದುರಿಗೆ ನಿಂತ ನೌಕರನ ಮಾತೇ ಅವನಿಗೆ ಅಂಗಡಿಯ ಮಾತು. ಆದುದರಿಂದ ಮೇಲಿನವರ ಮುಂದಾಳ್ತನದ ಗುಣದೋಷಗಳು ಇಲ್ಲಿ ಕೆಳಗಿನವರ ನಡತೆಯಲ್ಲಿ ಬೇಗನೆ ಪ್ರಕಟವಾಗುತ್ತವೆ.

ಈ ವಿಷಯದಲ್ಲಿ ಎರಡು ವರ್ಗೀಕರಣಗಳು ಪ್ರಸಿದ್ಧವಾಗಿವೆ. ಜರ್ಮನಿಯ ಸಮಾಜಶಾಸ್ತ್ರಜ್ಞನಾದ ಮ್ಯಾಕ್ಸ್ ವೇಬರನು ಅಧಿಕಾರಕ್ಕೆ ಪರಂಪರೆ, ವ್ಯಕ್ತಿಯ ಅಸಾಧಾರಣ ವರ್ಚಸ್ಸು, ಶಾಸನ ಎಂಬ ಮೂರು ಆಧಾರಗಳನ್ನು ಹೇಳಿದನು. ಕುರ್ಟ್ ಲೆವಿನ್ನನೂ ಅವನ ಸಹೋದ್ಯೋಗಿಗಳೂ ಬಾಲಕರ ಗುಂಪುಗಳನ್ನು ಪರೀಕ್ಷಿಸಿ, 1939ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಿರಂಕುಶ, ಪ್ರಜಾಸಮ್ಮತ, ಸ್ವೇಚ್ಛಾನುಮತ ಎಂಬ ಮೂರು ರೀತಿಗಳನ್ನು ವಿಂಗಡಿಸಿದರು. ಮೊದಲನೆಯದು ಅಧಿಕಾರದ ಬುಡವನ್ನೂ ಎರಡನೆಯದು ಅದರ ವರ್ತನೆಯನ್ನೂ ಕುರಿತದ್ದು. ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕೆಂಬುದಕ್ಕೆ ಲಂಡನ್ನಿನ ಜಾನ್ ಲೂಯಿಸ್ ಅಂಗಡಿಯ ಚರಿತ್ರೆಯು ಉತ್ತಮ ನಿದರ್ಶನ.

1864ರಲ್ಲಿ ಆಕ್ಸ್‌ಫರ್ಡ್ ಬೀದಿಯಲ್ಲಿ ಈ ಅಂಗಡಿಯನ್ನು ತೆರೆದ ಜಾನ್ ಲೂಯಿಸನು ಹಳೆಯ ಕಾಲದ ಯಜಮಾನ. ಅವನ ಮಾತೇ ಕಟ್ಟಳೆ. ಅವನ ಮಗ ಸ್ಪೀಡನ್ ಲೂಯಿಸನು ಲೆಕ್ಕದ ಪುಸ್ತಕಗಳನ್ನು ನೋಡಿದಾಗ, ತಂದೆ ಮತ್ತು ಇಬ್ಬರು ಮಕ್ಕಳ ಆದಾಯವು ಸಮಸ್ತ ನೌಕರರ ವೇತನದ ಮೊತ್ತವನ್ನೂ ಮೀರಿದ್ದುದು ಕಂಡುಬಂದಿತು. ಈ ಅನ್ಯಾಯವು ಅವನ ಮನಸ್ಸಿನಲ್ಲಿ ನಾಟಿತು. 1914ರಲ್ಲಿ ಪೀಟರ್ ಜೋನ್ಸ್ ಎಂಬ ಇನ್ನೊಂದು ಅಂಗಡಿಯ ಆಡಳಿತವು ಕೈಸೇರಲು, ಅಲ್ಲಿ ತನ್ನ ಯೋಚನೆಗಳನ್ನು ಪ್ರಯೋಗಿಸಿದನು. 1918ರಲ್ಲಿ ನೌಕರರಿಗಾಗಿ ಪತ್ರಿಕೆಯನ್ನು ಹೊರಡಿಸಿದನು. 1920ರಲ್ಲಿ ತಂದೆಯ ಅಂಗಡಿಯ ನೌಕರರು ಮುಷ್ಕರ ಹೂಡಿದರು, ಆತನು ಮಣಿಯಲಿಲ್ಲ. ಅದೇ ವರ್ಷ ಮಗನು ತನ್ನ ಅಂಗಡಿಯಲ್ಲಿ ಲಾಭ ಹಂಚಿಕೆಯನ್ನು ಆರಂಭಿಸಿದನು. ಮನೆತನವೊಂದೇ, ಕಸುಬೊಂದೇ, ಮುಂದಾಳ್ತನದ ರೀತಿ ಮಾತ್ರ ಬೇರೆ.

ಆದರೆ ಮಗನನ್ನು ಬರಿಯ ಪ್ರಜಾಸಮ್ಮತ ನಾಯಕನೆಂದು ಕರೆಯುವುದು ಆತುರವಾದೀತು. ತಂದೆಯು ಗತಿಸಿದ ಮರುವರ್ಷ, ಅಂದರೆ 1929ರಲ್ಲಿ, ಅವನು ವ್ಯಾಪಾರವನ್ನು ನೌಕರರ ಹಿತಕ್ಕಾಗಿ ವಿಶ್ವಸ್ತ ನಿಧಿಗೆ ಒಪ್ಪಿಸಿದನಾದರೂ, ಆಡಳಿತದ ಸೂತ್ರವನ್ನು ತನ್ನಲ್ಲಿಯೇ ಇಟ್ಟುಕೊಂಡನು. ಅದನ್ನು ಪೂರ್ಣವಾಗಿ ಬಿಟ್ಟುಕೊಟ್ಟದ್ದು 1950ರ ಎರಡನೆಯ ಒಡಂಬಡಿಕೆಯಿಂದ. ಅಧ್ಯಕ್ಷಪದವಿಯಿಂದ ನಿವೃತ್ತನಾದದ್ದು 1955ರಲ್ಲಿ. ಪ್ರಜಾಸಮ್ಮತವಾದ ಕಟ್ಟಡವನ್ನು ಒಬ್ಬನ ಇಚ್ಛಾಶಕ್ತಿಯೇ ಎಬ್ಬಿಸಿತೆಂಬುದು ಇಲ್ಲಿನ ವೈಚಿತ್ರ್ಯ. ವೇಬರನ ಪರಿಭಾಷೆಯಲ್ಲಿ ಹೇಳುವುದಾದರೆ, ತಂದೆಯಲ್ಲಿ ಪರಂಪರೆಯಾಗಿದ್ದ ಅಧಿಕಾರವು ಮಗನಲ್ಲಿ ವರ್ಚಸ್ಸಾಗಿ, ಕಡೆಗೆ ಶಾಸನವಾಗಿ ನೆಲೆನಿಂತಿತು.

ಇಂತಹ ಶಾಸನವು ನಷ್ಟದ ದಿನಗಳನ್ನು ತಡೆಯಲಾರದು. 2021ರಲ್ಲಿ ನೌಕರರಿಗೆ ಲಾಭಾಂಶವು ದೊರೆಯಲಿಲ್ಲ. 1953ರಿಂದೀಚೆಗೆ ಹಾಗಾದದ್ದು ಅದೇ ಮೊದಲು. 2023ರಲ್ಲಿ ನೌಕರರ ಪ್ರತಿನಿಧಿಸಭೆಯು ಅಂದಿನ ಅಧ್ಯಕ್ಷೆಯ ಹಿಂದಿನ ವರ್ಷದ ಕಾರ್ಯವನ್ನು ಅನುಮೋದಿಸಲಿಲ್ಲ. ಮುಂದಿನ ಯೋಜನೆಗೆ ಮಾತ್ರ ಬೆಂಬಲವಿತ್ತಿತು. 1920ರಲ್ಲಿ ಬೀದಿಗಿಳಿಯದೆ ಹೇಳಲಾಗದಿದ್ದ ಮಾತನ್ನು ಈಗ ಸಭೆಯಲ್ಲಿ ಕುಳಿತೇ ಹೇಳಲು ಸಾಧ್ಯವಾಯಿತು. ನಾಯಕನ ಸೌಜನ್ಯವು ಅವನೊಡನೆಯೇ ಮುಗಿಯುತ್ತದೆ. ಅವನು ಬಿಟ್ಟುಕೊಟ್ಟ ಅಧಿಕಾರವಾದರೋ ಉಳಿದು ಬರುತ್ತದೆ. ಮುಂದಾಳ್ತನವನ್ನು ಅಳೆಯುವವರು ಈ ಎರಡನೆಯದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತ.