ಚಳಿಯಲ್ಲಿ ತಡವರಿಸುವ ಗೇರ್‌ಬಾಕ್ಸ್: ದೋಷವೋ, ರಕ್ಷಣೆಯೋ?

ಚಳಿಗಾಲದ ಮುಂಜಾನೆ ಸ್ವಯಂಚಾಲಿತ ಗೇರಿನ ಲಾರಿ ಎಂದಿನಂತೆ ವರ್ತಿಸದಿರುವುದುಂಟು. ಎಂಜಿನ್ ಏರುದನಿಯಲ್ಲಿ ಓಡಿದರೂ ಮೇಲಿನ ಗೇರು ಬೇಗ ಬೀಳುವುದಿಲ್ಲ; ರಿವರ್ಸ್ ಹಾಕಿದರೆ ಕ್ಷಣಕಾಲ ಕಾಯಬೇಕಾಗುತ್ತದೆ. ಕೆಲವು ಕಿಲೋಮೀಟರ್ ಸಾಗಿದ ಬಳಿಕ ಎಲ್ಲವೂ ಸರಿಹೋಗುತ್ತದೆ. ಇದನ್ನೇ ದೋಷವೆಂದು ಬಗೆದು ಗೇರ್‌ಬಾಕ್ಸ್ ಬಿಚ್ಚಿಸಿದರೆ ದುರಸ್ತಿ ವೆಚ್ಚದೊಡನೆ ಬಾಡಿಗೆಯ ದಿನಗಳೂ ನಷ್ಟ. ನಿಜವಾದ ದೋಷವನ್ನು ಚಳಿಯ ಪ್ರಭಾವವೆಂದು ಕಡೆಗಣಿಸಿದರೆ ನಷ್ಟ ಇನ್ನೂ ಹೆಚ್ಚು.

ಎಣ್ಣೆಯ ಪಾತ್ರ

ಅಮೆರಿಕ, ಕೆನಡಾಗಳ ಪಿಕಪ್ ಲಾರಿಗಳಲ್ಲಿ ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್ ಸಾಮಾನ್ಯ. ಅದರೊಳಗಿನ ಎಣ್ಣೆ ಎಂಜಿನ್ನಿನ ಬಲವನ್ನು ಸಾಗಿಸುತ್ತದೆ, ಒತ್ತಡದಿಂದ ಕ್ಲಚ್‌ಗಳನ್ನು ಹಿಡಿಸುತ್ತದೆ, ಭಾಗಗಳ ಸವೆತವನ್ನೂ ತಡೆಯುತ್ತದೆ. ಡೆಕ್ಸ್ರಾನ್-6 ದರ್ಜೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಸೆಂಟಿಸ್ಟೋಕ್. 40 ಡಿಗ್ರಿಯಲ್ಲಿ ಅದರ ಸುಮಾರು ಐದು ಪಟ್ಟು. ಮೈನಸ್ 40 ಡಿಗ್ರಿಯಲ್ಲಿ ಸಾವಿರ ಪಟ್ಟನ್ನೂ ಮೀರುತ್ತದೆ. ಹೀಗೆ ಮಂದವಾದ ಎಣ್ಣೆ ವಾಲ್ವ್‌ಗಳ ಕಿರಿದಾದ ದಾರಿಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಗೇರು ಹಿಡಿಯುವುದು ತಡವಾಗುತ್ತದೆ.

ಎಣ್ಣೆಯ ಉಷ್ಣತೆಯನ್ನು ಅಳೆಯುವ ನಿಯಂತ್ರಣ ಘಟಕವು ಕೆಳಗಿನ ಗೇರನ್ನು ಬೇಕೆಂದೇ ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಕನ್ವರ್ಟರ್‌ನ ಲಾಕ್-ಅಪ್ ಕ್ಲಚ್ ಹಿಡಿಯುವುದನ್ನೂ ಮುಂದೂಡುತ್ತದೆ. ಇದರಿಂದ ಎಂಜಿನ್, ಹೊಗೆ ಶುದ್ಧೀಕರಿಸುವ ಉಪಕರಣ ಹಾಗೂ ಎಣ್ಣೆ ಮೂರೂ ಬೇಗ ಬಿಸಿಯಾಗುತ್ತವೆ. ಈ ವಿಳಂಬ ದೋಷವಲ್ಲ, ರಕ್ಷಣೆ.

ನಮ್ಮ ಲಾರಿಗಳ ಸ್ಥಿತಿ

ಭಾರತದ ಭಾರಿ ಲಾರಿಗಳಲ್ಲಿ ಕಾಣುವ ಎ.ಎಂ.ಟಿ. ವ್ಯವಸ್ಥೆ ಬೇರೆ ಬಗೆಯದು. ವೋಲ್ವೋ 2001ರಲ್ಲಿ ಪರಿಚಯಿಸಿದ ಐ-ಶಿಫ್ಟ್ ಇದೇ ವರ್ಗಕ್ಕೆ ಸೇರಿದೆ. ಇಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಸಾಮಾನ್ಯ ಗೇರ್‌ಬಾಕ್ಸಿನ ಕ್ಲಚ್ ಮತ್ತು ಗೇರುಗಳನ್ನು ಗಣಕವು ಹೆಚ್ಚಾಗಿ ಸಂಕುಚಿತ ಗಾಳಿಯ ಬಲದಿಂದ ನಡೆಸುತ್ತದೆ. ರಾತ್ರಿ ನಿಂತ ಲಾರಿಯಲ್ಲಿ ಗಾಳಿ ಸೋರಿದ್ದರೆ, ಟ್ಯಾಂಕಿನ ಒತ್ತಡ ಮತ್ತೆ ಏರುವವರೆಗೆ ಗೇರು ಬೀಳದು. ಲೇಹ್‌ನಂಥ ಎತ್ತರದ ಪ್ರದೇಶಗಳಲ್ಲಿ ಟ್ಯಾಂಕಿನಲ್ಲಿ ನಿಂತ ತೇವ ಹೆಪ್ಪುಗಟ್ಟಿ ಗಾಳಿಯ ಹಾದಿಯನ್ನೇ ಮುಚ್ಚಬಹುದು. ಆದರೆ ಬೆಂಗಳೂರಿನ ಚಳಿಗಾಲದ ಮುಂಜಾನೆಯ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಪ್ರತಿದಿನವೂ ಗೇರು ಬೀಳಲು ತಡವಾದರೆ ಚಳಿಯನ್ನು ದೂರುವ ಮುನ್ನ ಗಾಳಿಯ ಕೊಳವೆ ಹಾಗೂ ಏರ್ ಡ್ರೈಯರ್‌ಗಳನ್ನು ಪರೀಕ್ಷಿಸುವುದು ಯುಕ್ತ.

ಮಾಲೀಕರು ಗಮನಿಸಬೇಕಾದುದು

ಬಿಸಿಯಾದ ಮೇಲೂ ಗೇರು ಜಾರುವುದು, ಎಣ್ಣೆಯಲ್ಲಿ ಸುಟ್ಟ ವಾಸನೆ, ಎಚ್ಚರಿಕೆಯ ದೀಪ, ವಾರದಿಂದ ವಾರಕ್ಕೆ ಹೆಚ್ಚುವ ವಿಳಂಬ – ಇವು ನಿಜವಾದ ದೋಷದ ಲಕ್ಷಣಗಳು. ಸವೆದ ಸೀಲುಗಳೂ ಮೊದಲು ಚಳಿಯಲ್ಲೇ ಸುಳಿವು ನೀಡುವುದರಿಂದ ಕೊನೆಯ ಲಕ್ಷಣವನ್ನು ಲಘುವಾಗಿ ಕಾಣಬಾರದು.

ಬೇಗ ಬಿಸಿಯಾಗಲೆಂದು ಚಾಲಕನು ನಿಂತಲ್ಲೇ ಅಕ್ಸಿಲರೇಟರ್ ಒತ್ತಿ ಎಂಜಿನ್ ರೇಗಿಸುವುದು ಹಾನಿಕರ. ಮೊದಲ ಕೆಲವು ಕಿಲೋಮೀಟರ್ ಹದವಾಗಿ ಓಡಿಸುವುದೇ ಲೇಸು. ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಬಳಸಬೇಕು. ಅದರ ಮಟ್ಟವನ್ನು ಅವರು ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಎಷ್ಟು ಕಿಲೋಮೀಟರಿನ ಬಳಿಕ ಗೇರು ಸರಿಹೋಯಿತೆಂದು ಲಾಗ್ ಪುಸ್ತಕದಲ್ಲಿ ದಿನವೂ ಬರೆದಿಟ್ಟರೆ, ಗೇರ್‌ಬಾಕ್ಸ್ ಬಿಚ್ಚಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಮೆಕ್ಯಾನಿಕ್‌ಗೂ ಮಾಲೀಕನಿಗೂ ಅದೇ ಆಧಾರವಾಗುತ್ತದೆ.